ನಡುರಾತ್ರಿ ಮೊಳೆ ಹೊಡೆಯುವವರು

ಪೋರ್ಟ್ ಕೆಂಬ್ಲಾದ ಉಕ್ಕಿನ ಗಿರಣಿಗೆ
ಇಪ್ಪತ್ತಾರು ವರ್ಷ ಕಿವಿಗೊಟ್ಟೆ.
ಕೊಟ್ಟದ್ದನ್ನು ಅದು ಹಿಂದಿರುಗಿಸಲಿಲ್ಲ.

ಈಗ ನನ್ನ ಕರೆಗಂಟೆಯೆಂದರೆ ದೀಪ:
ಒಲೆಯ ಮೇಲೊಂದು, ಮಂಚದ ತಲೆಗೊಂದು.
ಯಾರಾದರೂ ಒತ್ತಿದರೆ ಮಿಣುಕುತ್ತದೆ.
ಹೆಚ್ಚಾಗಿ ಯಾರೂ ಒತ್ತುವುದಿಲ್ಲ.

ಆಗಸ್ಟಿನ ಚಳಿಯಲ್ಲಿ ಹಿತ್ತಲು ಅಗೆದೆ.
ಗುಜರಿಯ ಸ್ನಾನದ ತೊಟ್ಟಿ, ಒಂದು ಕಾಲು ಮುರಿದದ್ದು,
ಅದನ್ನು ಕುತ್ತಿಗೆಯವರೆಗೆ ಮಣ್ಣಲ್ಲಿ ಹೂತೆ.
ನಲ್ಲಿನೀರನ್ನು ಬಕೆಟುಗಳಲ್ಲಿ ಐದು ದಿನ ಬಿಸಿಲಿಗಿಟ್ಟೆ,
ಕ್ಲೋರಿನ್ ಹಾರಿಹೋಗಲೆಂದು.
ಹತ್ತಿ ಇಳಿಯಲು ಇಟ್ಟಿಗೆಯ ಮೆಟ್ಟಿಲು,
ಮರೆಗೆ ಚರಂಡಿಯಂಚಿನ ಜೊಂಡು.
ಮೀನು ಬೇಡ, ಮರಿಗಳನ್ನು ತಿಂದುಬಿಡುತ್ತವೆ.
ಕಪ್ಪೆಯನ್ನು ಹಿಡಿದು ತರುವುದೂ ಬೇಡ;
ಬರುವುದಾದರೆ ತಾನೇ ಬರಲಿ,
ನೆಂಟರ ಹಾಗೆ, ಹೇಳದೆ ಕೇಳದೆ.

ಬೇಲಿಯಾಚೆಯಿಂದ ಬ್ಲಾಗೋಯ ಇಣುಕಿದ.
ಅದೇ ಗಿರಣಿಯ ಲಾರಿ ಓಡಿಸಿದವನು, ಕಿವಿ ಉಳಿಸಿಕೊಂಡವನು.
ಆ ಮೀಸೆಯಡಿಯ ತುಟಿ ಓದುವುದು ಕಷ್ಟ.
ಆದರೂ 'ಸೊಳ್ಳೆ' ಎಂದದ್ದು ತಿಳಿಯಿತು.

ಸೆಪ್ಟೆಂಬರ್ ಪೂರ್ತಿ
ಹಳೆಯ ಕ್ಯಾಮೆರಾಕ್ಕೆ ಇಸ್ತ್ರಿ ಹಲಗೆಯೇ ಪೀಠ,
ಟಾರ್ಚಿನ ಬಾಯಿಗೆ ಕೆಂಪು ಕಾಗದ.
ಹತ್ತಕ್ಕೆ ಹೋಗುತ್ತಿದ್ದೆ, ಹನ್ನೊಂದಕ್ಕೆ ನಡುಗುತ್ತ ಬರುತ್ತಿದ್ದೆ.
ಸಿಕ್ಕಿದ್ದು ಒಂದು ಜೇಡ, ಎರಡು ತರಗೆಲೆ,
ಮತ್ತೆ ನೀರಿನೊಳಗೆ ನನ್ನದೇ ಮೂಗು.

ಅಕ್ಟೋಬರಿನ ಒಂದು ಬೆಳಿಗ್ಗೆ ದೀಪ ಮಿಣುಕಿತು.
ಬಾಗಿಲಲ್ಲಿ ಬ್ಲಾಗೋಯ, ನಿದ್ದೆಗೆಟ್ಟ ಕಣ್ಣು,
ಕೈಯಲ್ಲಿ ಕರೆಂಟ್ ಬಿಲ್ಲು, ಅದರ ಬೆನ್ನಿಗೆ ದಪ್ಪಕ್ಷರ:
"ಗ್ಲೆನಿಸ್, ರಾತ್ರಿ ಎರಡು ಗಂಟೆಗೆ
ಅದೇನು ಮೊಳೆ ಹೊಡೆಯುತ್ತೀಯ?
ಮೂರು ರಾತ್ರಿಯಾಯಿತು!"

ಓದಿದೆ. ಇನ್ನೊಮ್ಮೆ ಓದಿದೆ.
ಆಮೇಲೆ ಆ ಮನುಷ್ಯನನ್ನು ತಬ್ಬಿಕೊಂಡುಬಿಟ್ಟೆ.
ಪಾಪ, ಜಗಳಕ್ಕೆ ಸಿದ್ಧನಾಗಿ ಬಂದಿದ್ದ.

ಈ ಪಟ್ಟೆಪಟ್ಟೆ ಜೌಗುಗಪ್ಪೆ ವಟಗುಟ್ಟುವುದಿಲ್ಲ,
ಟೊಕ್ ಎನ್ನುತ್ತದಂತೆ. ಒಂದೇ ಏಟು.
ಸ್ವಲ್ಪ ಯೋಚಿಸಿ,
ಮತ್ತೆ ಟೊಕ್.

ಅಂದು ರಾತ್ರಿ ಅವನೂ ಬಂದ,
ಪ್ಲಾಸ್ಟಿಕ್ ಕುರ್ಚಿ, ಜೇಬಲ್ಲಿ ಹುರಿದ ಕುಂಬಳಬೀಜ.
ಅವನ ಬಿಟೋಲಾದ ಕಪ್ಪೆಗಳು
ಮದುವೆಮನೆಯ ಮುದುಕಿಯರ ಹಾಗೆ
ಒಟ್ಟೊಟ್ಟಿಗೆ ಮಾತಾಡುತ್ತವೆ ಎಂದು ಚೀಟಿ ಬರೆದ.
ಕಪ್ಪೆ ಕರೆದಾಗಲೆಲ್ಲ ನನ್ನ ಮಣಿಕಟ್ಟಿಗೆ ಬೆರಳು ತಟ್ಟಿದ.
ತಟ್ಟಿದಾಗಲೆಲ್ಲ ಗುಂಡಿ ಒತ್ತಿದೆ.
ಪ್ರತಿ ಸಲವೂ ತಡ.
ಕಪ್ಪೆಯನ್ನು ತಕ್ಕಡಿಗೆ ಹಾಕಿದವರ ಪಾಡು.
ಚಿತ್ರದಲ್ಲಿ ಗಂಟಲು ಇಳಿದಾಗಿದೆ,
ನೀರ ಉಂಗುರ ಮಾತ್ರ
ತೊಟ್ಟಿಯ ಅಂಚಿಗೆ ನಡೆದಿದೆ.

ನಾಲ್ಕನೆಯ ರಾತ್ರಿ ಕಂಡುಕೊಂಡೆ:
ಕರೆಯುವ ಮುನ್ನ ಅದರ ಪಕ್ಕೆ ಒಮ್ಮೆ ಬಿಗಿಯುತ್ತದೆ,
ಕ್ರೇನು ಎತ್ತುವ ಮುನ್ನ ಸರಪಳಿ ಬಿಗಿಯುವಂತೆ.
ಅದು ನನಗೆ ಗೊತ್ತಿರುವ ವಿದ್ಯೆ.
ಅಲ್ಲೇ ಒತ್ತಿದೆ.
ಅವನ ಬೆರಳು ಆಮೇಲೆ ಬಿತ್ತು.

ಚಿತ್ರ ಅಂಥ ಚೆನ್ನಾಗೇನೂ ಇಲ್ಲ.
ಕಣ್ಣಿಗೆ ಅಡ್ಡ ಒಂದು ಹುಲ್ಲೆಸಳು ಬಂದಿದೆ.
ಫ್ರಿಜ್ಜಿನ ಮೇಲೆ ಅಂಟಿಸಿದ್ದೇನೆ, ಹಾಲು ತೆಗೆಯುವಾಗ
ಆ ಉಬ್ಬಿದ ಗಂಟಲಿಗೆ ಸುಮ್ಮನೆ ಬೆರಳಿಡುತ್ತೇನೆ.

ನವೆಂಬರ್. ಎರಡೂಕಾಲಿಗೆ ಮಂಚದ ದೀಪ ಮಿಣುಕಿತು.
ಬ್ಲಾಗೋಯ, ಬನಿಯನ್ನಿನಲ್ಲಿ.
ಕಾಗದ ಹುಡುಕುವ ವ್ಯವಧಾನವಿಲ್ಲದೆ
ಅಂಗೈ ಮೇಲೇ ಬರೆದುಕೊಂಡು ಬಂದಿದ್ದ:
"ಸದ್ದು ನಿಂತಿದೆ. ನಿದ್ದೆ ಬರುತ್ತಿಲ್ಲ."

ಬರಿಗಾಲಲ್ಲೇ ಹೋದೆವು.
ಜೊಂಡಿನ ಬುಡದಲ್ಲಿ ಒಂದು ಬೊಗಸೆ ಬಿಳಿ ನೊರೆ.
ನಾನೇ ಸೋಪು ಸುರಿದೆನೆಂದು ಕಣ್ಣು ಕೆಕ್ಕರಿಸಿದ.
ಟಾರ್ಚು ಹತ್ತಿರ ಹಿಡಿದೆ:
ನೊರೆಯ ತುಂಬ ಸಾಸಿವೆ, ಕಪ್ಪು ಸಾಸಿವೆ,
ನೂರಾರು.

ಅವನು ಮೊಣಕಾಲೂರಿ ಬಗ್ಗಿದ.
ನೊರೆಗೆ ಏನೋ ಹೇಳಿದ.
ಮೀಸೆ ಅಡ್ಡ ಬಂತು.